ಕಷಾಯ ಎಲ್ಲಿಯವರೆಗೆ, ದವಾಖಾನೆ ಎಲ್ಲಿಂದ

ನಮ್ಮ ಕಡೆಯ ಜಾತ್ರೆಗಳಲ್ಲಿ ಇದು ಹಳೆಯ ಆಟ. ಗೋಣಿತಟ್ಟಿನ ಮೇಲೆ ಬೇರು, ತೊಗಟೆ, ಒಣಕಾಯಿ ಹರವಿಕೊಂಡು ಕೂತವನು ನಿಮ್ಮ ಕೈಗೊಂದು ಎಲೆ ಕೊಟ್ಟು ಅಗಿಯಿರಿ ಅನ್ನುತ್ತಾನೆ. ಎರಡು ನಿಮಿಷ ಬಿಟ್ಟು ನಾಲಿಗೆಯ ಮೇಲೆ ಒಂದು ಚಿಟಿಕೆ ಸಕ್ಕರೆ ಹಾಕುತ್ತಾನೆ. ಸಕ್ಕರೆಗೆ ಸಿಹಿಯೇ ಇಲ್ಲ, ಹಳ್ಳದ ಮರಳು ಬಾಯಿಗೆ ಬಿದ್ದ ಹಾಗೆ. “ಬಾಯೊಳಗಿನ ಸಕ್ಕರೀನ ಕೊಂದದ್ದು, ರಕ್ತದಾಗಿನ ಸಕ್ಕರೀನ ಬಿಡತೈತೇನ್ರೀ?” ಸುತ್ತ ನಿಂತವರು ತಲೆದೂಗುತ್ತಾರೆ, ಪುಡಿಯ ಪೊಟ್ಟಣಗಳು ಖಾಲಿಯಾಗುತ್ತವೆ.

ಎಲೆ ಮಧುನಾಶಿನಿಯದು. ಆಟದಲ್ಲಿ ಕಣ್ಕಟ್ಟು ಏನೂ ಇಲ್ಲ. ಆ ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲ ನಾಲಿಗೆಯ ಮೇಲೆ ಸಿಹಿಯನ್ನು ಗುರುತಿಸುವ ಜಾಗಗಳನ್ನು ಸ್ವಲ್ಪ ಹೊತ್ತು ಮುಚ್ಚಿಬಿಡುತ್ತದೆ. ಅರ್ಧ ತಾಸಿನಲ್ಲಿ ರುಚಿ ಮರಳುತ್ತದೆ. ಮೋಸ ಇರುವುದು ಆಟ ಮುಗಿದ ಮೇಲಿನ ಮಾತಿನಲ್ಲಿ. ನಾಲಿಗೆಗೆ ಸಿಹಿ ಗೊತ್ತಾಗದಿರುವುದಕ್ಕೂ ಮಧುಮೇಹ ವಾಸಿಯಾಗುವುದಕ್ಕೂ ಸಂಬಂಧವಿಲ್ಲ. ಹಾಗಂತ ಮಧುನಾಶಿನಿಗೆ ರಕ್ತದ ಸಕ್ಕರೆಯ ಮೇಲೆ ಪ್ರಭಾವವೇ ಇಲ್ಲ ಎನ್ನುವಂತೆಯೂ ಇಲ್ಲ, ಸ್ವಲ್ಪ ಇಳಿಸುತ್ತದೆ ಎಂದು ತೋರಿಸಿದ ಪರೀಕ್ಷೆಗಳಿವೆ. ತೊಂದರೆ ಶುರುವಾಗುವುದೇ ಅಲ್ಲಿ. ಬೆಳಿಗ್ಗೆ ಡಾಕ್ಟರು ಕೊಟ್ಟ ಗುಳಿಗೆ ನುಂಗಿ, ಅದರ ಮೇಲೆ ಈ ಪುಡಿ ಕಲಸಿ ಕುಡಿದು, ಊಟ ತಡಮಾಡಿ ಹೊಲದಲ್ಲಿ ದುಡಿದರೆ ಸಕ್ಕರೆ ಇಳಿಯಬಾರದಷ್ಟು ಇಳಿಯಬಹುದು. ಬೆವರು, ಕೈನಡುಕ, ಕಣ್ಣು ಮಂಜು, ಕೊನೆಗೆ ಬದುವಿನ ಮೇಲೆ ಬಿದ್ದುಬಿಡುವುದು. ಮನೆಯವರು ಬಿಸಿಲಿನ ಹೊಡೆತ ಅಂದುಕೊಳ್ಳುತ್ತಾರೆ.

ಗಿಡಮೂಲಿಕೆಯ ಬಗ್ಗೆ ನಾನು ಹೇಳಬೇಕಾದದ್ದು ಇಷ್ಟೇ. ಗಿಡಕ್ಕೆ ಶಕ್ತಿಯಿದೆ ಎಂದು ನಂಬಿದ ಮೇಲೆ ಅದಕ್ಕೆ ಅಪಾಯವೂ ಇದೆ ಎಂದು ಒಪ್ಪಬೇಕು. “ನಾಟಿ ಔಷಧಿ ಐತಿ, ಏನೂ ಆಗಲ್ಲ ತಗೋ” ಅನ್ನುವ ಮಾತಿನಲ್ಲಿ ಎರಡೂ ಕಡೆ ತಪ್ಪಿದೆ. ಏನೂ ಆಗದಿದ್ದರೆ ಅದು ಔಷಧಿ ಹೇಗಾದೀತು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆಯ ಜೊತೆ ಸೇರಿದ ಈ ಐದು ತಾಲ್ಲೂಕುಗಳು ಮಳೆಗೆ ಬಾಯಿಬಿಟ್ಟು ಕೂತ ಸೀಮೆ. ಮಲೆನಾಡಿನ ಹಸಿರು ಇಲ್ಲಿಲ್ಲ, ಹಾಗಾಗಿ ಔಷಧಿ ಗಿಡ ಎಂದರೆ ಆಗುಂಬೆ, ಕುದುರೆಮುಖವೇ ಬೇಕು ಅನ್ನುವವರಿದ್ದಾರೆ. ಆದರೆ ನೀರಿಲ್ಲದೆ, ಸುಡುವ ಬಿಸಿಲಿಗೆ, ಕುರಿಯ ಬಾಯಿಗೆ ಸಿಕ್ಕೂ ಬದುಕಬೇಕಾದ ಗಿಡ ತನ್ನ ರಕ್ಷಣೆಗೆ ಕಹಿ, ಒಗರು, ಘಾಟು ಎಲ್ಲವನ್ನೂ ತುಂಬಿಕೊಳ್ಳುತ್ತದೆ. ನಾವು ಔಷಧಿ ಎಂದು ಹುಡುಕುವುದು ಅದನ್ನೇ. ಹಡಗಲಿಯಿಂದ ತುಂಗಭದ್ರೆ ದಾಟಿದರೆ ಕಾಣುವ ಗದಗ ಜಿಲ್ಲೆಯ ಕಪ್ಪತಗುಡ್ಡ ಗಿಡಮೂಲಿಕೆಗೆ ಹೆಸರಾದದ್ದು. ಅದೂ ಕುರುಚಲು ಕಾಡೇ.

ರಸ್ತೆಯ ಪಕ್ಕದ ತಂಗಡಿಯಿಂದ ಶುರುಮಾಡೋಣ. ಆವರಿಕೆ ಎಂದರೂ ಇದೇ. ಮೊಣಕಾಲಿನಿಂದ ಎದೆಮಟ್ಟ ಬೆಳೆಯುವ ಪೊದೆ, ಬಂಗಾರದ ಹಳದಿ ಹೂ, ಬೇಸಿಗೆಯಲ್ಲೂ ಬಾಡದು. ತೆಲಂಗಾಣದವರು ಇದನ್ನೇ ತಮ್ಮ ರಾಜ್ಯದ ಹೂವು ಮಾಡಿಕೊಂಡಿದ್ದಾರೆ. ತೊಗಟೆಯ ಒಗರಿನಿಂದ ಹಿಂದೆ ಚರ್ಮ ಹದ ಮಾಡುತ್ತಿದ್ದರು. ನೆರಳಲ್ಲಿ ಒಣಗಿಸಿದ ಹೂವನ್ನು ಬಿಸಿನೀರಿಗೆ ಹಾಕಿ ಚಹಾದ ಹಾಗೆ ಕುಡಿಯುವ ರೂಢಿಯಿದೆ. ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳುವವರಿಗೆ ಮಧುನಾಶಿನಿಗೆ ಹೇಳಿದ ಎಚ್ಚರಿಕೆ ಇದಕ್ಕೂ ಅನ್ವಯಿಸುತ್ತದೆ.

ಲಕ್ಕಿ ಗಿಡ ಹಳ್ಳದ ದಂಡೆಯಲ್ಲಿ ಸಿಗುತ್ತದೆ. ಐದು ಬೆರಳಿನಂಥ ಎಲೆ, ಕೆಳಬದಿ ಬೂದು ಬಣ್ಣ, ಉಜ್ಜಿದರೆ ಮೂಗಿಗೆ ಹೊಡೆಯುವ ವಾಸನೆ. ಮೊಣಕಾಲು ನೋವಿಗೆ ಈ ಎಲೆಯನ್ನು ಹೆಂಚಿನ ಮೇಲೆ ಬಾಡಿಸಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುವುದು ಹೆಚ್ಚು ಅಪಾಯವಿಲ್ಲದ, ಹಿತವಾದ ಉಪಚಾರ. ಬಟ್ಟೆಯ ಬಿಸಿಯನ್ನು ಮೊದಲು ನಿಮ್ಮ ಮುಂಗೈಗೆ ಮುಟ್ಟಿಸಿ ನೋಡಿ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಳೆದುಕೊಂಡವರಿಗೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ನೆಗಡಿಗೆ ಲಕ್ಕಿ, ತುಂಬೆ, ತುಳಸಿ ಹಾಕಿ ಹಬೆ ತೆಗೆದುಕೊಳ್ಳುವಾಗ ಕುದಿವ ಪಾತ್ರೆಯ ಹತ್ತಿರ ಮಕ್ಕಳನ್ನು ಕೂಡಿಸಬೇಡಿ. ಪಾತ್ರೆ ಮಗುಚಿ ಮೈ ಬೆಂದರೆ ನೆಗಡಿಗಿಂತ ಅದೇ ದೊಡ್ಡ ರೋಗ.

ದೊಡ್ಡಪತ್ರೆ, ಓಮ, ಶುಂಠಿ, ಮೆಣಸು ಇವೆಲ್ಲ ಅಡುಗೆಮನೆಯ ಸಾಮಾನು. ಕೆಮ್ಮು, ಅಜೀರ್ಣಕ್ಕೆ ಅಡುಗೆಯ ಪ್ರಮಾಣದಲ್ಲಿ ಬಳಸಿದರೆ ಸಾಮಾನ್ಯವಾಗಿ ತಕರಾರಿಲ್ಲ. ನುಗ್ಗೆಸೊಪ್ಪು, ಹಕ್ಕರಿಕೆ, ಪುಂಡಿ, ಕಿರಕಸಾಲೆಗಳನ್ನು ನಾನು ಔಷಧಿಯ ಪಟ್ಟಿಗೆ ಸೇರಿಸುವುದೇ ಇಲ್ಲ. ರೊಟ್ಟಿಯ ಜೊತೆ ವಾರಕ್ಕೆ ಮೂರು ದಿನ ಇವು ತಟ್ಟೆಗೆ ಬಂದರೆ ಯಾವ ಪುಡಿಗಿಂತಲೂ ಹೆಚ್ಚು ಕೆಲಸ ಮಾಡುತ್ತವೆ.

ಲೋಳೆಸರದ ಒಂದು ವಿಷಯ ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಎಲೆ ಕತ್ತರಿಸಿದ ತಕ್ಷಣ ಸಿಪ್ಪೆಯ ಅಡಿಯಿಂದ ಒಸರುವ ಹಳದಿ ರಸವೇ ಬೇರೆ, ಒಳಗಿನ ತಿಳಿ ಲೋಳೆಯೇ ಬೇರೆ. ಹಳದಿ ರಸ ಜೋರು ಭೇದಿ ಮಾಡಿಸುತ್ತದೆ, ಗರ್ಭಿಣಿಯರಿಗೆ ಸಲ್ಲದು. ಕತ್ತರಿಸಿದ ಎಲೆಯನ್ನು ಬುಡ ಕೆಳಗೆ ಮಾಡಿ ನಿಲ್ಲಿಸಿ, ಹಳದಿ ಪೂರ್ತಿ ಸೋರಿದ ಮೇಲೆ ತೊಳೆದು ಲೋಳೆ ತೆಗೆಯಬೇಕು. ಚಿಕ್ಕ ಸುಟ್ಟಗಾಯವಾದರೆ ಮೊದಲು ಇಪ್ಪತ್ತು ನಿಮಿಷ ತಣ್ಣೀರು ಹರಿಸಿ, ಲೋಳೆ ಆಮೇಲೆ.

ಇನ್ನು ಅಮೃತಬಳ್ಳಿ. ಕೊರೊನಾ ಕಾಲದಲ್ಲಿ ಇದನ್ನು ಹುಡುಕದ ಊರಿಲ್ಲ, ಬೇಲಿ ಬೇಲಿಯ ಬಳ್ಳಿ ಬುಡಸಮೇತ ಹೋಯಿತು. 2021ರಲ್ಲಿ ಮುಂಬೈಯ ವೈದ್ಯರು, ಅಮೃತಬಳ್ಳಿ ಸೇವಿಸಿದ ಕೆಲವರಿಗೆ ಯಕೃತ್ತಿಗೆ ಪೆಟ್ಟು ಬಿದ್ದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಗಿಡವನ್ನು ಸರಿಯಾಗಿ ಗುರುತಿಸಿಲ್ಲ, ಅದೇ ಕುಲದ ಬೇರೆ ಬಳ್ಳಿ ಇರಬಹುದು ಎಂದಿತು. ಜಗಳದಲ್ಲಿ ಯಾರ ಪರ ನಿಂತರೂ ಓದುಗರಿಗೆ ಪಾಠ ಒಂದೇ: ಗುರುತು ಗೊತ್ತಿಲ್ಲದ ಬಳ್ಳಿ ಬೇಡ, ತಿಂಗಳುಗಟ್ಟಲೆ ದಿನಾ ಕುಡಿಯುವುದೂ ಬೇಡ. ಸಚಿವಾಲಯವೇ ಹೇಳಿದ ಗುರುತು ಹೀಗಿದೆ. ನಿಜವಾದ ಅಮೃತಬಳ್ಳಿಯ ಕಾಂಡ ಹಸಿರು, ಮುರಿದರೆ ಹಾಲು ಬರುವುದಿಲ್ಲ. ಹೋಲುವ ಬಳ್ಳಿಯ ಕಾಂಡ ಬೂದು, ಮೈತುಂಬ ಗಂಟುಗಂಟಾದ ಗುಳ್ಳೆ, ಮುರಿದರೆ ಹಾಲಿನಂಥ ರಸ. ಕೀಲುವಾತದಂಥ, ದೇಹ ತನ್ನ ಮೇಲೆ ತಾನೇ ದಾಳಿ ಮಾಡಿಕೊಳ್ಳುವ ಕಾಯಿಲೆಯಿರುವವರು ವೈದ್ಯರನ್ನು ಕೇಳದೆ ಅಮೃತಬಳ್ಳಿ ಮುಟ್ಟಬಾರದು.

ಹಿರೇಮದ್ದು ಅಂದರೆ ಅಶ್ವಗಂಧ. ಬಳಸುವುದು ಬೇರು. ಎಲೆ ಬಳಸಬೇಡಿ ಎಂದು 2021ರಲ್ಲಿ ಆಯುಷ್ ಸಚಿವಾಲಯ ತಯಾರಕರಿಗೆ ಸೂಚನೆ ಕೊಟ್ಟಿದೆ. ಥೈರಾಯ್ಡ್ ಗುಳಿಗೆ ನುಂಗುವವರು, ಗರ್ಭಿಣಿಯರು ಬೇರಿನಿಂದಲೂ ದೂರವಿರುವುದು ಒಳ್ಳೆಯದು.

ಈಗ ಕಾಮಣಿ. ನಮ್ಮ ಸೀಮೆಯಲ್ಲಿ ನಾಟಿ ಔಷಧಿಗೆ ಅತಿ ದೊಡ್ಡ ಹೆಸರು ತಂದುಕೊಟ್ಟ ರೋಗ ಇದು, ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು. ಕಣ್ಣು ಹಳದಿಯಾದರೆ ದವಾಖಾನೆಗೆ ಹೋಗುವವರಿಗಿಂತ ಇಂಥ ಊರಿನಲ್ಲಿ ಭಾನುವಾರ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಔಷಧಿ ಕೊಡುತ್ತಾರೆ ಎಂದು ಹೋಗುವವರೇ ಹೆಚ್ಚು. ಬಹುಪಾಲು ಜನಕ್ಕೆ ವಾಸಿಯೂ ಆಗುತ್ತದೆ. ಯಾಕೆಂದರೆ ಕೊಳೆನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಕಾಮಣಿಗಳು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾವೇ ಇಳಿಯುತ್ತವೆ. ವಿಶ್ರಾಂತಿ, ಪಥ್ಯ, ಹೆಂಡದಿಂದ ದೂರ, ಇಷ್ಟರಲ್ಲೇ ಅರ್ಧ ಚಿಕಿತ್ಸೆ ಮುಗಿದಿರುತ್ತದೆ. ಔಷಧಿ ಕೊಟ್ಟವರ ಹೆಸರು ಉಳಿಯುತ್ತದೆ. ಆದರೆ ಅದೇ ಹಳದಿ ಹೆಪಟೈಟಿಸ್ ಬಿ ಇರಬಹುದು, ಸಿ ಇರಬಹುದು, ಪಿತ್ತನಾಳದಲ್ಲಿ ಕಲ್ಲು ಕೂತಿರಬಹುದು, ಕುಡಿತದಿಂದ ಯಕೃತ್ತು ಒಣಗಿರಬಹುದು. ಕಣ್ಣು ನೋಡಿ ಇವನ್ನು ಬೇರೆ ಮಾಡಲಾಗದು, ರಕ್ತ ಪರೀಕ್ಷೆಯೇ ಬೇಕು. ಗರ್ಭಿಣಿಗೆ ಹೆಪಟೈಟಿಸ್ ಇ ಬಂದರೆ ತಾಯಿಯ ಜೀವಕ್ಕೇ ಕುತ್ತು, ಅಲ್ಲಿ ಭಾನುವಾರದವರೆಗೆ ಕಾಯುವಂತಿಲ್ಲ.

ಕಾಮಣಿಗೆ ಕೊಡುವ ನೆಲನೆಲ್ಲಿಯ ಕತೆ ಕೇಳಿ. ಗೇಣುದ್ದದ ಈ ಕಳೆ ಮಳೆಗಾಲದಲ್ಲಿ ಎಲ್ಲೆಲ್ಲೂ ಹುಟ್ಟುತ್ತದೆ, ಎಲೆಸಾಲಿನ ಅಡಿಯಲ್ಲಿ ಸಾಸಿವೆಯಷ್ಟು ನೆಲ್ಲಿಕಾಯಿ. ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಂಬರ್ಗ್ ಕೂಡ ಇದರ ಬೆನ್ನು ಹತ್ತಿದ್ದರು. ಅವರ ಜೊತೆಗೂಡಿ ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ತಂಡ 1988ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ನೆಲನೆಲ್ಲಿ ತೆಗೆದುಕೊಂಡವರಲ್ಲಿ ಶೇ 59 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು; ಹುಸಿ ಗುಳಿಗೆ ನುಂಗಿದವರಲ್ಲಿ ಶೇ 4. ಜಗತ್ತೇ ತಿರುಗಿ ನೋಡಿತು. ಆದರೆ ಬೇರೆ ಕಡೆ ಪರೀಕ್ಷಿಸಿದಾಗ ಆ ಫಲ ಮತ್ತೆ ಸಿಗಲಿಲ್ಲ. ನಮ್ಮ ಗಿಡವನ್ನು ಯಾರೂ ಕೇಳಲಿಲ್ಲ ಎಂದು ದೂರುವಂತಿಲ್ಲ. ಕೇಳಿದರು, ಅದು ಪೂರ್ತಿ ಉತ್ತರ ಕೊಡಲಿಲ್ಲ, ಅಷ್ಟೆ.

ಕಷಾಯ ಮಾಡುವ ಕ್ರಮಕ್ಕೆ ಬರುತ್ತೇನೆ. ಜಜ್ಜಿದ ಒಣ ಮೂಲಿಕೆ ಎರಡು ಚಮಚ, ನೀರು ಎರಡು ಲೋಟ, ಸಣ್ಣ ಉರಿಯಲ್ಲಿ ಅರ್ಧ ಲೋಟಕ್ಕೆ ಇಳಿಯುವವರೆಗೆ ಕುದಿಸಿ ಸೋಸಬೇಕು. ಅಂದರೆ ನಾಲ್ಕನೆಯ ಒಂದು ಪಾಲು. ಮುಚ್ಚಳ ತೆಗೆದೇ ಕುದಿಸಿ, ಆದರೆ ತುಳಸಿ, ದೊಡ್ಡಪತ್ರೆಯಂಥ ವಾಸನೆಯ ಎಲೆಗಳನ್ನು ಕುದಿಸಬೇಡಿ. ಬಿಸಿನೀರಿಗೆ ಹಾಕಿ ಮುಚ್ಚಿಟ್ಟರೆ ಸಾಕು, ಗುಣವೆಲ್ಲ ಆ ವಾಸನೆಯ ಎಣ್ಣೆಯಲ್ಲೇ ಇರುವುದು. ಪಾತ್ರೆ ಸ್ಟೀಲಿನದೋ ಮಣ್ಣಿನದೋ ಇರಲಿ, ತಾಮ್ರ, ಅಲ್ಯೂಮಿನಿಯಂ ಬೇಡ. ಮಾಡಿದ ದಿನವೇ ಮುಗಿಸಿ. ಒಮ್ಮೆಗೆ ಒಂದೇ ಮೂಲಿಕೆ ಬಳಸಿದರೆ ಒಗ್ಗದಿದ್ದಾಗ ಯಾವುದು ಒಗ್ಗಲಿಲ್ಲ ಎಂದು ಗೊತ್ತಾಗುತ್ತದೆ. ಹತ್ತು ಬಗೆಯದನ್ನು ಕೂಡಿಸಿ ಕುದಿಸಿದರೆ ಹತ್ತು ಪಟ್ಟು ಗುಣ ಬರುವುದಿಲ್ಲ. ಮೂರು ದಿನದಲ್ಲಿ ಜ್ವರ, ಒಂದು ವಾರದಲ್ಲಿ ಕೆಮ್ಮು ಇಳಿಯದಿದ್ದರೆ ಕಷಾಯದ ಪಾಳಿ ಮುಗಿಯಿತು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಕ್ಷಯದ ಪರೀಕ್ಷೆ, ಔಷಧಿ ಎರಡೂ ಸರ್ಕಾರಿ ದವಾಖಾನೆಯಲ್ಲಿ ಉಚಿತ.

ಎಲ್ಲಿಂದ ಕೀಳಬೇಕು ಅನ್ನುವುದೂ ಮುಖ್ಯ. ಮೆಕ್ಕೆಜೋಳ, ಹತ್ತಿ, ದಾಳಿಂಬೆಗೆ ಹೊಡೆದ ವಿಷ ಗಾಳಿಗೆ ಬದುವಿನ ಗಿಡಕ್ಕೂ ತಾಗಿರುತ್ತದೆ. ಕಳೆನಾಶಕ ಹೊಡೆದ ಬದುವಿನಲ್ಲಿ ತುಂಬೆ ಚಿಗುರಿದೆ ಎಂದು ಕಿತ್ತು ತರಬೇಡಿ. ಹೆದ್ದಾರಿಯ ಮಗ್ಗುಲಿನ ಧೂಳು ಕುಡಿದ ಗಿಡವೂ ಬೇಡ. ತೊಗಟೆ ಬೇಕಿದ್ದರೆ ಕೊಂಬೆಯ ಒಂದು ಬದಿಯಿಂದ ಮಾತ್ರ ಕೆತ್ತಿ. ಕಾಂಡದ ಸುತ್ತ ಬಳೆಯ ಹಾಗೆ ಕೆತ್ತಿದರೆ ಮರ ಸತ್ತಂತೆಯೇ. ಬಂಡೆಗುಡ್ಡಗಳ ಮಾಗಳಿ ಬೇರು ಉಪ್ಪಿನಕಾಯಿಯ ರುಚಿಗೇ ಬಲಿಯಾಗುತ್ತಿದೆ. ಬೇರು ಅಗೆದರೆ ಬಳ್ಳಿಯೇ ಹೋಯಿತು, ಅಳಿವಿನಂಚಿನ ಗಿಡಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದೀಗ ಸೇರಿದೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮದೊಳಗೆ ಬೇರು ಅಗೆಯಲು ಹೋಗುವುದು ಕಾನೂನಿಗೂ ವಿರುದ್ಧ, ಮೈಗೂ ಒಳ್ಳೆಯದಲ್ಲ. ಬೆಳಗಿನ ಜಾವ, ಸಂಜೆ ಅಲ್ಲಿ ತಿರುಗುವವು ಕರಡಿಗಳು.

ಸೀತಾಫಲದ ಬೀಜದ ವಿಚಾರ ಹೇಳದಿದ್ದರೆ ತಪ್ಪಾದೀತು. ನಮ್ಮ ಗುಡ್ಡಗಳಲ್ಲಿ ಹಣ್ಣು ಧಾರಾಳ. ಹೇನಿಗೆ ಅದರ ಬೀಜ ಅರೆದು ತಲೆಗೆ ಹಚ್ಚುವ ರೂಢಿಯಿದೆ, ಹೇನೂ ಸಾಯುತ್ತದೆ. ಆದರೆ ತಲೆ ತೊಳೆಯುವಾಗ ಅದು ಕಣ್ಣಿಗಿಳಿದರೆ ಕಪ್ಪುಗುಡ್ಡೆಯ ಮೇಲ್ಪದರ ಸುಲಿದು ಹೋಗುತ್ತದೆ, ಮಗು ಬೆಳಕಿಗೆ ಕಣ್ಣು ಬಿಡಲಾರದು. ಎಕ್ಕದ ಹಾಲೂ ಹಾಗೆಯೇ. ಯಾವುದು ಬಿದ್ದರೂ ಹದಿನೈದು ನಿಮಿಷ ಶುದ್ಧ ನೀರು ಹರಿಸಿ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಹೇನಿಗೆ ಸೀರಣಿಗೆಯೇ ಸಾಕು.

ಉಮ್ಮತ್ತಿ, ಕಣಗಿಲು, ಗುಲಗಂಜಿ, ಅಗ್ನಿಶಿಖೆಯ ಗಡ್ಡೆ ಈ ನಾಲ್ಕನ್ನು ಮನೆಮದ್ದಿನ ಹೆಸರಲ್ಲಿ ಒಳಗೆ ಕೊಡುವ ಯಾರನ್ನೂ ನಂಬಬೇಡಿ. ಕೂಸಿಗೆ ಆರು ತಿಂಗಳು ತುಂಬುವವರೆಗೆ ತಾಯಿಹಾಲು ಬಿಟ್ಟು ಬಜೆಯೂ ಇಲ್ಲ, ಬೇವಿನೆಣ್ಣೆಯೂ ಇಲ್ಲ. ಬೇವಿನೆಣ್ಣೆ ಕುಡಿಸಿ ಹಸುಗೂಸುಗಳಿಗೆ ಅಪಸ್ಮಾರದಂಥ ಸೆಳೆತ ಬಂದದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಬೇಡಿ. ಅಜ್ಜಿಯಂದಿರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಭೇದಿಗೆ ದಾಳಿಂಬೆ ಸಿಪ್ಪೆಯ ಕಷಾಯ ಕೊಡುತ್ತೀರಾ? ಅದಕ್ಕೂ ಮೊದಲು ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಗುಟುಕು ಗುಟುಕಾಗಿ ಕುಡಿಸಿ. ಚಮಚ ಅಂದರೆ ಚಹಾದ್ದು. ಡೆಂಗಿಗೆ ಪಪ್ಪಾಯಿ ಎಲೆಯ ರಸ ಪ್ಲೇಟ್‌ಲೆಟ್ ಸಂಖ್ಯೆ ಏರಿಸಬಹುದು ಎನ್ನುವ ಪರೀಕ್ಷೆಗಳಿವೆ, ಆದರೆ ಡೆಂಗಿಯಲ್ಲಿ ಹೆಚ್ಚಾಗಿ ಜೀವ ಹೋಗುವುದು ರಕ್ತನಾಳಗಳಿಂದ ನೀರು ಸೋರಿ ರಕ್ತದೊತ್ತಡ ಕುಸಿಯುವುದರಿಂದ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಪರು, ಮೂತ್ರ ಕಡಿಮೆ ಇವುಗಳಲ್ಲಿ ಒಂದು ಕಂಡರೂ ಎಲೆ ಹಿಂಡುತ್ತ ಕೂರಬೇಡಿ.

ಹಾವಿನ ಕಡಿತಕ್ಕೆ ಯಾವ ಬೇರೂ ಇಲ್ಲ, ಯಾವ ಮಂತ್ರವೂ ಇಲ್ಲ. ನಾಟಿ ಔಷಧಿಯಿಂದ ಬದುಕಿದೆ ಅನ್ನುವವರಲ್ಲಿ ಬಹುಪಾಲು ಜನಕ್ಕೆ ಕಡಿದದ್ದು ವಿಷದ ಹಾವಲ್ಲ, ಅಥವಾ ಕಚ್ಚಿದಾಗ ವಿಷ ಇಳಿಸಿಲ್ಲ. ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡ. ಕೈಕಾಲು ಅಲುಗದಂತೆ ಇಟ್ಟು 108ಕ್ಕೆ ಕರೆ ಮಾಡಿ. ನಾಯಿ ಕಚ್ಚಿದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅಂದೇ ಲಸಿಕೆ. ಸುಣ್ಣ, ಖಾರದಪುಡಿ, ಎಕ್ಕದ ಹಾಲು ಬಡಿಯುವುದರಿಂದ ಹುಚ್ಚುನಾಯಿ ರೋಗ ತಪ್ಪುವುದಿಲ್ಲ. ಬಂದ ಮೇಲೆ ಉಳಿದವರು ಇಲ್ಲವೆನ್ನುವಷ್ಟು ಕಡಿಮೆ.

ಅಂಗಡಿಯ ಪುಡಿ, ಗುಳಿಗೆ ಕೊಳ್ಳುವವರು ಡಬ್ಬಿಯ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಒಳಗೆ ಏನೇನಿದೆ ಎಂಬ ಪಟ್ಟಿ, ಅವಧಿ ಮುಗಿಯುವ ದಿನಾಂಕ ನೋಡಿ. ಇಲ್ಲದ್ದು ಬೇಡ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ ತಂದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಮಂಡಿನೋವು, ಉಬ್ಬಸಕ್ಕೆ ಪುಡಿ ತಿಂದ ಮರುದಿನವೇ ಕುಣಿಯುವಷ್ಟು ಹುರುಪು ಬಂದರೆ ಅದರಲ್ಲಿ ಸ್ಟೀರಾಯ್ಡ್ ಕಲಬೆರಕೆ ಇದೆಯೇ ಎಂದು ಅನುಮಾನಿಸಿ. ಮಧುಮೇಹ, ಕ್ಯಾನ್ಸರ್ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದೇ 1954ರ ಕಾನೂನಿನ ಪ್ರಕಾರ ಅಪರಾಧ. ಗೋಡೆಗೋಡೆಯ ಮೇಲೂ ಆ ಅಪರಾಧ ನಡೆದೇ ಇದೆ ಬಿಡಿ.

ಆಯುರ್ವೇದವೇ ಬೇಕು ಅನ್ನುವವರಿಗೆ ಓದಿ ನೋಂದಾಯಿಸಿಕೊಂಡ ವೈದ್ಯರಿದ್ದಾರೆ. ಬಳ್ಳಾರಿಯಲ್ಲಿ ತಾರಾನಾಥ ಸರ್ಕಾರಿ ಆಯುರ್ವೇದ ಕಾಲೇಜಿದೆ. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿ, ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಆಶ್ರಮ ನಡೆಸಿ, ರೋಗಿಗಳನ್ನು ನೋಡುತ್ತಿದ್ದ ಪಂಡಿತ ತಾರಾನಾಥರ (1891–1942) ಹೆಸರು ಅದಕ್ಕಿದೆ. ಯಾವ ಪದ್ಧತಿಯ ವೈದ್ಯರ ಬಳಿ ಹೋದರೂ ನೀವು ತೆಗೆದುಕೊಳ್ಳುತ್ತಿರುವ ಎಲ್ಲವನ್ನೂ, ಗುಳಿಗೆ, ಪುಡಿ, ಕಷಾಯ, ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಟೇಬಲ್ ಮೇಲೆ ಸುರಿಯಿರಿ. ಬೈಯುತ್ತಾರೆಂದು ಮುಚ್ಚಿಡಬೇಡಿ. ರಕ್ತ ತೆಳು ಮಾಡುವ ಗುಳಿಗೆಯವರು, ಆಪರೇಷನ್ನಿಗೆ ದಿನ ಗೊತ್ತುಮಾಡಿಕೊಂಡವರು ಇದನ್ನು ಮರೆಯಲೇಬಾರದು.

ಆಪರೇಷನ್ ಅಂದಾಗ ನೆನಪಾಯಿತು, ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮವಿಟ್ಟು ಕಟ್ಟಿದ ಸ್ಮಾರಕವಿದೆ. ಮಣ್ಣಿನ ಪಟ್ಟಿ, ತಣ್ಣೀರ ಸ್ನಾನ, ಉಪವಾಸ ಎಂದು ಜೀವನಪೂರ್ತಿ ನಿಸರ್ಗ ಚಿಕಿತ್ಸೆಗೆ ಅಂಟಿಕೊಂಡ ಮನುಷ್ಯ ಅವರು. 1924ರ ಜನವರಿಯಲ್ಲಿ ಯರವಡಾ ಜೈಲಿನಲ್ಲಿದ್ದಾಗ ಅಪೆಂಡಿಸೈಟಿಸ್ ಆಯಿತು. ಅವರು ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಬ್ರಿಟಿಷ್ ವೈದ್ಯ ಕರ್ನಲ್ ಮ್ಯಾಡಕ್ ಕೈಯಲ್ಲಿ ಆಪರೇಷನ್ ಮಾಡಿಸಿಕೊಂಡರು. ನಡುವೆ ಕರೆಂಟು ಹೋಗಿ ಲಾಟೀನು ಹಿಡಿದು ಮುಗಿಸಿದರಂತೆ. ಆಮೇಲೆ ಬದುಕಿದ್ದು ಇಪ್ಪತ್ನಾಲ್ಕು ವರ್ಷ.

ಮುಂಗಾರಿನ ಮೊದಲ ಎರಡು ಮಳೆ ಬಿದ್ದ ಮೇಲೆ ಗುರುತು ಬಲ್ಲವರಿಂದ ಅಮೃತಬಳ್ಳಿಯ ಗೇಣುದ್ದದ ಕಡ್ಡಿ ತಂದು ಹಿತ್ತಲ ಬೇವಿನ ಬುಡದಲ್ಲಿ ಊರಿ. ಪಕ್ಕದಲ್ಲಿ ದೊಡ್ಡಪತ್ರೆಯ ತುಂಡು, ಬೇಲಿಗೆ ಲಕ್ಕಿ, ಬಚ್ಚಲ ನೀರು ಹರಿಯುವ ಕಡೆ ನುಗ್ಗೆ. ಬಳ್ಳಿಯ ಬುಡದಲ್ಲಿ ನೀರು ನಿಲ್ಲದಿರಲಿ, ಕಾಂಡ ಹೆಬ್ಬೆರಳು ದಪ್ಪ ಆಗುವವರೆಗೆ ಕತ್ತರಿ ಹಚ್ಚಬೇಡಿ.